ಹೊಟ್ಟೆಯಲ್ಲಿರುವಾಗಲೇ ಆದದ್ದಂತೆ

ಒಂದು ಮಾತನ್ನು ನಾನು ಅರ್ಧಕ್ಕೆ ನಿಲ್ಲಿಸಿದೆ. ಆ ಅರ್ಧ ಮಾತನ್ನು ನಂಬಿ ನನ್ನ ತಮ್ಮನ ಹೆಂಡತಿ ಸವಿತಾ, ತನ್ನ ಮಗುವನ್ನು ತಾನೇ ಕೊಂದೆ ಎಂದುಕೊಂಡು ಹದಿನಾರು ವರ್ಷ ಬದುಕಿದಳು. ಉಳಿದ ಅರ್ಧ ನನ್ನ ಬಳಿ ಇತ್ತು. ಮರೆತಿರಲಿಲ್ಲ, ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ — ಗೊತ್ತಿದ್ದೂ ಹೇಳಲಿಲ್ಲ.

ನನ್ನ ಹೆಸರು ಗಿರಿಜಾ. ತಿರುಮಕೂಡಲು ನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಹೋದ ವರ್ಷ ನಿವೃತ್ತಳಾದೆ. ತವರು ನಂಜನಗೂಡು ತಾಲ್ಲೂಕಿನ ಹೆಡತಲೆ. ನಮ್ಮ ವಂಶದಲ್ಲಿ ಕಾಲೇಜು ಮುಗಿಸಿದ ಮೊದಲ ಹೆಣ್ಣುಮಗಳು ನಾನು. ಹಾಗಾಗಿ ನೆಂಟರಿಷ್ಟರಲ್ಲಿ ಯಾರಿಗೆ ಜ್ವರ ಬಂದರೂ, ಯಾರ ರಕ್ತಪರೀಕ್ಷೆಯ ಚೀಟಿ ಬಂದರೂ ಅದು ನನ್ನ ಕೈಗೆ ಬರುತ್ತಿತ್ತು. ‘ಗಿರಿಜನ್ನ ಕೇಳಿ’ ಎನ್ನುವುದು ಮನೆಯ ರೂಢಿ. ಆ ರೂಢಿ ನನಗೆ ಇಷ್ಟವಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನನ್ನ ತಪ್ಪು ಹುಟ್ಟಿದ್ದೇ ಆ ಇಷ್ಟದಲ್ಲಿ.

ತಮ್ಮ ಮಹದೇವ ನಂಜನಗೂಡಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಮುಂದೆ ಅಂಗಡಿ, ಹಿಂದೆ ಮನೆ. ಸವಿತಾ ತಗಡೂರಿನ ಹುಡುಗಿ. ಅವಳಪ್ಪ ಮಗ್ಗದಲ್ಲಿ ಖಾದಿ ನೇಯುತ್ತಿದ್ದವರು. ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತೆರಡು. ಮಾತು ಕಡಿಮೆ, ನಗು ಜಾಸ್ತಿ. ಗಂಡನ ಅಕ್ಕನಾದ ನನ್ನನ್ನು ‘ಅತ್ಗೆ’ ಎಂದು ಕರೆಯುವಾಗ ಆ ಪದದಲ್ಲಿ ಒಂದು ಭರವಸೆ ಇರುತ್ತಿತ್ತು — ಇವರಿಗೆ ಗೊತ್ತಿರುತ್ತದೆ ಎನ್ನುವ ಭರವಸೆ.

ಮೂರು ವರ್ಷಕ್ಕೆ ಬಸಿರಾದಳು. ನಾಲ್ಕನೇ ತಿಂಗಳಿನಲ್ಲಿ ಅವಳಿಗೆ ಬಳಪದ ಬಯಕೆ ಹತ್ತಿತು. ಎದುರಿನ ಅಂಗಡಿಯಿಂದ ಬಳಪ ತರಿಸಿ, ಖಾಲಿ ಪೌಡರ್ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು, ಕೆಲಸದ ನಡುವೆ ಒಂದೊಂದೇ ತುಂಡು ಕಡಿಯುತ್ತಿದ್ದಳು. ನಮ್ಮ ಕಡೆ ಬಸುರಿಯರಲ್ಲಿ ಇದು ಹೊಸದಲ್ಲ. ‘ಆ ವಾಸ್ನೆ ಬಂದ್ರೆ ತಡ್ಕಳಕಾಗಕಿಲ್ಲ ಅತ್ಗೆ’ ಎಂದು ನಾಚಿಕೊಂಡು ಹೇಳಿದ್ದಳು. ಮೈಯಲ್ಲಿ ರಕ್ತ ಕಡಿಮೆಯಾದರೆ ಹೀಗಾಗುತ್ತದೆ, ಕಬ್ಬಿಣದ ಮಾತ್ರೆ ತಪ್ಪಿಸಬೇಡ ಎಂದೆ. ಅದು ಸರಿಯಾದ ಮಾತೇ. ಸರಿಯಾದ ಮಾತು ಹೇಳಿದ ಖುಷಿಯಲ್ಲಿ ನಾನು ನರಸೀಪುರಕ್ಕೆ ವಾಪಸಾದೆ.

ಹೆಣ್ಣು ಮಗು ಹುಟ್ಟಿತು. ದಿನ ತುಂಬಿ, ತೂಕವೂ ಚೆನ್ನಾಗಿದ್ದು, ಗುಂಡುಗುಂಡಾಗಿತ್ತು. ಮೂರನೇ ದಿನ ಕಣ್ಣು ಹಳದಿಯಾದಾಗ, ಹೊಸದಾಗಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಇದು ಬಂದು ಹೋಗುತ್ತದೆ, ಎರಡು ವಾರವಾದರೂ ಹೋಗದಿದ್ದರೆ ಕರೆತನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಬಾಣಂತನಕ್ಕೆ ಸವಿತಾ ತಗಡೂರಿಗೆ ಹೋದಳು. ಮಗುವಿಗೆ ಇಂಚರ ಎಂದು ಹೆಸರಿಡಬೇಕೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು.

ಇಪ್ಪತ್ತೆಂಟನೇ ದಿನ, ಒಂದು ಭಾನುವಾರ, ನಾನು ಮಗುವನ್ನು ನೋಡಲು ತಗಡೂರಿಗೆ ಹೋದೆ. ಊಟವಾದ ಮೇಲೆ ಸವಿತಾ ನನ್ನನ್ನು ಹಿತ್ತಿಲಿಗೆ ಕರೆದಳು. ಒಗೆಯಲು ತೆಗೆದಿಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ, ಮಗುವಿನ ಬಟ್ಟೆಯೊಂದನ್ನು ನನ್ನ ಮುಂದೆ ಹರವಿದಳು.

“ನಾಕ್ ದಿನದಿಂದ ಇಂಗೇ ಅದೆ ಅತ್ಗೆ. ನೆನ್ಸಿದ ಅಕ್ಕಿ ರುಬ್ದಂಗೆ. ಅವ್ವನ್ಗೂ ಯೋಳಿಲ್ಲ. ನೀವು ಓದ್ದೋರು, ನೋಡಿ. ಆಸ್ಪತ್ರೆಗೆ ತೋರ್ಸದಾ?”

ಮಲಕ್ಕೆ ಬಣ್ಣವೇ ಇರಲಿಲ್ಲ. ಸುಣ್ಣದ ಹಾಗೆ ಬೆಳ್ಳಗೆ. ಎರಡು ವಾರ ದಾಟಿದ್ದರೂ ಮಗುವಿನ ಕಣ್ಣಿನ ಹಳದಿ ಪೂರ್ತಿ ಹೋಗಿರಲಿಲ್ಲ.

ಈಗ ಹೇಳುವುದನ್ನು ನಾನು ಯಾರ ಮುಂದೂ ಹೇಳಿರಲಿಲ್ಲ. ಪ್ರತಿ ವರ್ಷ ನಾನು ಜೀರ್ಣಾಂಗಗಳ ಪಾಠ ಮಾಡುತ್ತಿದ್ದೆ. ಹಲಗೆಯ ಮೇಲೆ ಯಕೃತ್ತು ಬರೆದು, ಅದರಿಂದ ಕರುಳಿಗೆ ಇಳಿಯುವ ಪಿತ್ತನಾಳ ಬರೆದು, ‘ಮಲಕ್ಕೆ ಬಣ್ಣ ಬರುವುದು ಪಿತ್ತರಸದಿಂದ’ ಎಂದು ಮಕ್ಕಳಿಂದ ಬರೆಸುತ್ತಿದ್ದೆ. ಆ ಬಟ್ಟೆಯನ್ನು ನೋಡಿದ ಕ್ಷಣ ನನಗೆ ಆ ವಾಕ್ಯ ನೆನಪಾಯಿತು. ಪಿತ್ತ ಇಳಿಯುತ್ತಿಲ್ಲವೇ ಎಂಬ ಪ್ರಶ್ನೆ ಎದ್ದಿತು — ಎದ್ದು, ಅಲ್ಲೇ ಕೂತಿತು. ಪುಸ್ತಕದ ವಾಕ್ಯ ಒಂದು ಹಸುಗೂಸಿನ ಬಟ್ಟೆಯ ಮೇಲೆ ನಿಜವಾಗಿ ಬಂದು ಕೂರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲವೋ ಏನೋ. ಅದಲ್ಲ. ನನಗೆ ಗೊತ್ತಿಲ್ಲ ಎಂದು ಅವಳೆದುರು ಹೇಳುವುದು ನನ್ನಿಂದ ಆಗಲಿಲ್ಲ. ಅಷ್ಟೇ.

“ಎದೆಹಾಲು ಕುಡಿಯೋ ಮಕ್ಕಳಿಗೆ ಇಂಗೆಲ್ಲ ಆಗ್ತದೆ ಕಣೇ. ಬೆಳಗಿನ ಬಿಸಿಲಿಗೆ ಇಡ್ಕೊ, ಸರಿ ಹೋಯ್ತದೆ. ಸುಮ್ನೆ ಆಸ್ಪತ್ರೆಗೆ ತಕ್ಕೊಂಡೋಗಿ ಕೂಸಿಗೆ ಸೂಜಿ ಚುಚ್ಚಿಸ್ಬೇಡ.”

ಅವಳ ಮುಖ ಹಗುರವಾದದ್ದು ನನಗೆ ಈಗಲೂ ಕಾಣುತ್ತದೆ. ಬಟ್ಟೆಯನ್ನು ಮಡಚಿ ಬಕೆಟ್ಟಿಗೆ ಹಾಕಿ ನೀರು ಸುರಿದಳು. ನಾನು ಮೂರೂವರೆಯ ಬಸ್ಸು ಹಿಡಿದೆ.

ಮುಂದೆ ನಲವತ್ತಕ್ಕೂ ಹೆಚ್ಚು ದಿನ ಅವಳು ಮಗುವನ್ನು ಬಿಸಿಲಿಗೆ ಹಿಡಿದಳು. ಮಗುವಿಗೆ ನೆಗಡಿಯೆಂದು ಲಸಿಕೆಯೂ ಮುಂದಕ್ಕೆ ಹೋಯಿತು. ಕೊನೆಗೆ ಎಪ್ಪತ್ತೆರಡನೇ ದಿನ ಲಸಿಕೆ ಹಾಕಿಸಲು ಹೋದಾಗ, ಅಲ್ಲಿದ್ದ ನರ್ಸಮ್ಮ ಮಗುವಿನ ಕಣ್ಣು ನೋಡಿ, ಬಟ್ಟೆ ಬಿಚ್ಚಿಸಿ ನೋಡಿ, ಅವತ್ತೇ ಮೈಸೂರಿಗೆ ಹೋಗಿ ಎಂದರು. ಅವರು ನನ್ನಷ್ಟು ಓದಿದವರೂ ಇರಲಿಕ್ಕಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಬರೆದುಕೊಟ್ಟರು. ಓದಿದವಳು ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು.

ಆಪರೇಷನ್ನಿನ ಹಿಂದಿನ ದಿನ ಮಕ್ಕಳ ಶಸ್ತ್ರಚಿಕಿತ್ಸೆಯ ಡಾಕ್ಟರು — ಐವತ್ತರ ಆಸುಪಾಸಿನ ಹೆಂಗಸು, ನಿಧಾನದ ಮಾತು — ಮನೆಯವರನ್ನು ಕರೆಸಿದರು. ಮಹದೇವ ರಕ್ತ ಹೊಂದಿಸಲು ಓಡಾಡುತ್ತಿದ್ದ. ಸವಿತಾ ವಾರ್ಡಿನಲ್ಲಿ ಮಗುವಿನ ಹತ್ತಿರ ಇದ್ದಳು. ಒಳಗೆ ಹೋದವಳು ನಾನೊಬ್ಬಳೇ.

ಮೊದಲು ಅವರು ಕೇಳಿದ್ದು, ಮಲ ಬಿಳಿಯಾಗಿ ಎಷ್ಟು ದಿನವಾಯಿತು ಎಂದು. “ಹತ್ತು ಹನ್ನೆರಡು ದಿನ ಇರಬೇಕು ಮೇಡಂ” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಅದು ಸುಳ್ಳು ಎಂದು ತಿಳಿದದ್ದು ಅವರು ಬರೆದುಕೊಂಡ ಮೇಲೆ. ಅವರು ಪೆನ್ನು ಕೆಳಗಿಟ್ಟು, ಒಂದು ತಿಂಗಳ ಹೊತ್ತಿಗೇ ಗೊತ್ತಾಗಿ ಬಂದಿದ್ದರೆ ಆಪರೇಷನ್ ಫಲ ಕೊಡುವ ಸಾಧ್ಯತೆ ಹೆಚ್ಚಿತ್ತು, ಈಗ ಲಿವರ್ ಗಟ್ಟಿಯಾಗತೊಡಗಿದೆ, ಆದರೂ ಮಾಡೋಣ ಎಂದರು. ಖಂಡಿತ ಉಳಿಯುತ್ತಿತ್ತು ಎಂದು ಅವರು ಹೇಳಲಿಲ್ಲ. ಆ ‘ಖಂಡಿತ ಅಲ್ಲ’ ಎಂಬುದನ್ನು ನಾನು ಎಷ್ಟೋ ವರ್ಷ ದಿಂಬಿನಂತೆ ತಲೆಯಡಿ ಇಟ್ಟುಕೊಂಡೆ.

ಹೀಗೆ ಆಗುವುದಾದರೂ ಯಾಕೆ ಎಂದು ಕೇಳಿದೆ. ನೀವು ಟೀಚರ್ ಅಲ್ಲವೇ ಎಂದು ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆಯುತ್ತಾ ಹೇಳಿದರು. ಗರ್ಭ ನಿಂತ ನಾಲ್ಕನೇ ವಾರದ ಹೊತ್ತಿಗೆ — ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂಬುದೇ ಖಾತ್ರಿಯಾಗಿರದ ಹೊತ್ತು — ಭ್ರೂಣದ ಕರುಳಿನ ಎಳೆಯಿಂದ ಒಂದು ಮೊಗ್ಗು ಮೂಡುತ್ತದೆ. ಆ ಮೊಗ್ಗು ಬೆಳೆದು ಯಕೃತ್ತಾಗುತ್ತದೆ. ಮೊಗ್ಗಿಗೂ ಕರುಳಿಗೂ ನಡುವೆ ಇರುವ ತೊಟ್ಟು ಪಿತ್ತನಾಳವಾಗುತ್ತದೆ. ಯಕೃತ್ತಿನ ಒಳಗಿನ ಸಣ್ಣ ಕೊಳವೆಗಳು ಆಮೇಲೆ ವಾರಗಟ್ಟಲೆ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತಾ ರೂಪ ಪಡೆಯುತ್ತವೆ. ಹೆಚ್ಚಿನ ಮಕ್ಕಳಲ್ಲಿ ಈ ನಾಳ ಸರಿಯಾಗಿಯೇ ಆಗಿದ್ದು, ಹುಟ್ಟುವ ಆಸುಪಾಸಿನಲ್ಲಿ ಊದಿಕೊಂಡು, ಗಾಯ ಮಾಯ್ದು ಗಟ್ಟಿಯಾದಂತೆ ಮುಚ್ಚಿಹೋಗುತ್ತದೆ. ಕೆಲವೇ ಮಕ್ಕಳಲ್ಲಿ ಮಾತ್ರ ಬೆಳವಣಿಗೆಯೇ ಆರಂಭದಲ್ಲಿ ದಾರಿ ತಪ್ಪುತ್ತದೆ. ಇಂಚರಳ ಸ್ಕ್ಯಾನಿನಲ್ಲಿ ಹೊಟ್ಟೆಯ ಎಡಗಡೆಯ ಗುಲ್ಮ ಕೂಡ — ಅದೂ ಗರ್ಭದಲ್ಲೇ ರೂಪುಗೊಳ್ಳುವ ಅಂಗ — ಒಂದೇ ಆಗಿರದೆ ಸಣ್ಣ ಸಣ್ಣ ತುಣುಕಾಗಿತ್ತು. ಆದ್ದರಿಂದ ಇದು ಹೊಟ್ಟೆಯಲ್ಲಿರುವಾಗಲೇ ಆದದ್ದಿರಬೇಕು ಎಂದರು.

ಏನು ಕಾರಣವೆಂದು ಮತ್ತೆ ಕೇಳಿದೆ. ವೈರಸ್ಸು ಎನ್ನುತ್ತಾರೆ, ಮಗುವಿನ ರಕ್ಷಣಾ ಶಕ್ತಿಯೇ ತಿರುಗಿ ಬೀಳುತ್ತದೆ ಎನ್ನುತ್ತಾರೆ, ವಂಶವಾಹಿಗಳಲ್ಲಿ ಹುಡುಕುತ್ತಿದ್ದಾರೆ, ಪೂರ್ತಿ ಯಾರಿಗೂ ತಿಳಿದಿಲ್ಲ ಎಂದರು. ನಮ್ಮ ಕೈಯಲ್ಲಿರುವುದು ಬೇಗ ಪತ್ತೆ ಹಚ್ಚುವುದು ಮಾತ್ರ ಎಂದರು. ಆಮೇಲೆ ಹಾಳೆಯನ್ನು ನನ್ನ ಕಡೆ ಸರಿಸಿ ಹೇಳಿದರು:

“ಒಂದು ಮಾತು ಆ ತಾಯಿಗೆ ಮರೀದೆ ಹೇಳಿ. ಅವರು ತಿಂದದ್ದರಿಂದ, ಕುಡಿದದ್ದರಿಂದ, ಮಾಡಿದ ಕೆಲಸದಿಂದ ಇದು ಆದದ್ದಲ್ಲ. ಇನ್ನೊಂದು ಮಗುವಿಗೂ ಹೀಗೇ ಆಗುತ್ತೆ ಅಂತ ಹೆದರಬೇಕಾಗಿಲ್ಲ. ಈ ತಾಯಂದಿರು ಎಲ್ಲಾನೂ ತಮ್ಮ ಮೇಲೇ ಹಾಕ್ಕೊಳ್ತಾರೆ. ಡಾಕ್ಟರು ಹೇಳೋದಕ್ಕಿಂತ ಮನೆಯವರು ಹೇಳಿದ್ರೆ ನಂಬ್ತಾರೆ.”

ಹೇಳುತ್ತೇನೆ ಎಂದೆ. ಹಾಳೆಯನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡೆ. ವಾರ್ಡಿಗೆ ಹೋಗುವ ಮೆಟ್ಟಿಲಿನ ಮೇಲೆ ನಿಂತು ಯೋಚಿಸಿದೆ. ನಿನ್ನಿಂದ ಆದದ್ದಲ್ಲ ಎಂದು ಸವಿತಾಳಿಗೆ ಹೇಳಿದರೆ ಅವಳು ಮುಂದಿನ ಪ್ರಶ್ನೆ ಕೇಳುತ್ತಾಳೆ. ಹಾಗಾದರೆ ಏನು ಮಾಡಿದ್ದರೆ ಉಳಿಯುತ್ತಿತ್ತು ಎಂದು. ಆ ಪ್ರಶ್ನೆಯ ಉತ್ತರದಲ್ಲಿ ಹಿತ್ತಿಲಿತ್ತು, ಬಟ್ಟೆಯಿತ್ತು, ನಾನಿದ್ದೆ. ಆಪರೇಷನ್ ಮುಗಿಯಲಿ, ಆಮೇಲೆ — ಎಂದುಕೊಂಡು ಮೆಟ್ಟಿಲು ಹತ್ತಿದೆ.

ಆಪರೇಷನ್ನಿನಲ್ಲಿ ಕರುಳನ್ನೇ ಮೇಲಕ್ಕೆಳೆದು ಯಕೃತ್ತಿಗೆ ಜೋಡಿಸಿದರು. ಸ್ವಲ್ಪ ದಿನ ಮಲಕ್ಕೆ ತೆಳು ಹಳದಿ ಬಂತು. ಸವಿತಾ ಆ ಬಟ್ಟೆಯನ್ನು ಹಿಡಿದುಕೊಂಡು ವಾರ್ಡಿನಲ್ಲೆಲ್ಲ ಓಡಾಡಿ ತೋರಿಸಿದಳು. ಆಮೇಲೆ ಮತ್ತೆ ಬಿಳಿಯಾಯಿತು. ಜ್ವರದ ಮೇಲೆ ಜ್ವರ. ಹೊಟ್ಟೆ ಉಬ್ಬಿತು, ಕೈಕಾಲು ಸಣ್ಣಗಾದವು. ಯಕೃತ್ತು ಕಸಿಯ ಮಾತು ಬಂದಾಗ ನನ್ನದು ತಕ್ಕೊಳ್ಳಿ ಎಂದು ಸವಿತಾ ಪರೀಕ್ಷೆಗೆ ಕೂತಳು. ಪರೀಕ್ಷೆಗಳು ಮುಗಿಯುವ ಮೊದಲೇ, ಹತ್ತು ತಿಂಗಳು ತುಂಬಲು ನಾಲ್ಕು ದಿನವಿರುವಾಗ, ಇಂಚರ ಹೋಯಿತು. ಅಷ್ಟರೊಳಗೆ ಅದು ನನ್ನನ್ನು ಗುರುತು ಹಿಡಿಯಲು ಕಲಿತಿತ್ತು. ಹಳದಿ ಕಣ್ಣಿನಲ್ಲೇ ನಗುತ್ತಿತ್ತು.

ಮಗುವನ್ನು ಹೆಡತಲೆಯ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಐದನೇ ದಿನ ಮಧ್ಯಾಹ್ನ ನೆಂಟರೆಲ್ಲ ನಮ್ಮ ಜಗಲಿಯಲ್ಲಿ ಕೂತಿದ್ದರು. ಒಟ್ಟು ಹದಿಮೂರು ಜನ — ಈಗ ಪ್ರತಿಯೊಬ್ಬರ ಲೆಕ್ಕವೂ ನನಗೆ ಬೇಕಾಗಿದೆ. ಸವಿತಾ ಗೋಡೆಗೆ ಒರಗಿ ಕೂತಿದ್ದಳು. ನಮ್ಮವ್ವ ಒಳಗಿನಿಂದ ಬಂದು ಆ ಪೌಡರ್ ಡಬ್ಬಿಯನ್ನು ಎಲ್ಲರ ನಡುವೆ ಇಟ್ಟಳು. ನಂಜನಗೂಡಿನ ಮನೆಯ ಹಾಸಿಗೆ ಮಡಚುವಾಗ ಸಿಕ್ಕಿತ್ತಂತೆ. ಮುಚ್ಚಳ ತೆಗೆದಾಗ ಒಳಗೆ ಮೂರು ನಾಲ್ಕು ಬಳಪದ ತುಂಡುಗಳಿದ್ದವು.

“ಇದ ತಿಂದಿದ್ದಾಳೆ ಕಣ್ರಪ್ಪಾ ಇವ್ಳು. ತಿಂದು ತಿಂದು ಕೂಸಿನ ಕರುಳ್ಗೆ ಮೆತ್ಕಂಡದೆ. ಅದ್ಕೇ ಅದು ಬಳಪದಂಗೇ ಬೆಳ್ಳಗೆ ಓಯ್ತಾ ಇತ್ತು.”

 ನೋಡಿದರೆ ಹೌದೆನ್ನಿಸುವಂಥ ಮಾತು. ಬಿಳಿ ತಿಂದಳು, ಬಿಳಿ ಬಂತು. ಮುಚ್ಚಿದ ನಾಳಕ್ಕೆ ಬಳಪದ ಬೆಣೆ. ಆ ಜಗಲಿಯಲ್ಲಿ ಅದು ಸುಳ್ಳು ಎಂದು ತಿಳಿದಿದ್ದವಳು ನಾನೊಬ್ಬಳು.

ಅವ್ವ ನನ್ನ ಕಡೆ ತಿರುಗಿದಳು. “ಡಾಕುಟ್ರು ತಾವ್ ನೀನೇ ಕುಂತು ಕೇಳ್ದಲ್ಲ. ಏನಂದ್ರು, ಯೋಳು.”

ಸವಿತಾ ತಲೆಯೆತ್ತಿ ನನ್ನನ್ನೇ ನೋಡಿದಳು. ಹಿತ್ತಿಲಿನಲ್ಲಿ ನೋಡಿದ ಹಾಗೆಯೇ.

“ಹೊಟ್ಟೇಲಿರೋವಾಗ್ಲೇ ಆದದ್ದಂತೆ” ಎಂದೆ.

ಅಷ್ಟೇ ಎಂದೆ. ನಿಜವನ್ನೇ ಎಂದೆ. ಡಾಕ್ಟರು ಹೇಳಿದ ಒಂದು ವಾಕ್ಯವನ್ನು, ಅರ್ಥ ಬದಲಿಸದೆ. ತಾಯಿ ತಿಂದದ್ದರಿಂದ ಅಲ್ಲ ಎಂಬ ಮುಂದಿನ ಮಾತೂ ನೆನಪಿತ್ತು — ಆದರೆ ಅದನ್ನು ಹೇಳಿದ್ದರೆ ಹದಿಮೂರು ಜನರಲ್ಲಿ ಯಾರಾದರೂ ಕೇಳುತ್ತಿದ್ದರು, ಮಲ ಬಿಳಿಯಾದದ್ದು ಯಾರಿಗೂ ಕಾಣಲಿಲ್ಲವಾ ಎಂದು. ಬಳಪದ ಮಾತು ಇರುವ ತನಕ ಆ ದಿನಗಳ ಮಾತು ಬರುವುದಿಲ್ಲ ಎಂದು ನಾನು ಆಗಲೇ ತಿಳಿದುಕೊಂಡಿದ್ದೆ. ತಿಳಿದೇ ನಿಲ್ಲಿಸಿದೆ.

ಸವಿತಾ ಅಳಲಿಲ್ಲ. ಡಬ್ಬಿಯನ್ನು ಒಂದಷ್ಟು ಹೊತ್ತು ನೋಡಿ, ಎದ್ದು ಒಳಗೆ ಹೋದಳು.

ಆಮೇಲಿನ ವರ್ಷಗಳಲ್ಲಿ ಯಾರೂ ಅವಳನ್ನು ಹೊಡೆಯಲಿಲ್ಲ, ಮನೆಯಿಂದ ಕಳಿಸಲಿಲ್ಲ. ಅವಳೇ ತನ್ನನ್ನು ಕಳಿಸಿಕೊಂಡಳು. ನೆಂಟರಲ್ಲಿ ಯಾವ ಮಗುವಿನ ನಾಮಕರಣವಾದರೂ ಬಂದು ಅಡಿಗೆ ಮನೆಯಲ್ಲೇ ಇರುತ್ತಿದ್ದಳು, ತೊಟ್ಟಿಲ ಹತ್ತಿರ ಹೋಗುತ್ತಿರಲಿಲ್ಲ. ನನ್ನ ಮೊಮ್ಮಗನನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಇಂಚರ ಹೋದ ಮೂರನೇ ವರ್ಷ ಸುತ್ತೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಕೈ ತೊಳೆಯುವ ಜಾಗದಲ್ಲಿ ನಾವಿಬ್ಬರೇ ಇದ್ದಾಗ ಕೇಳಿದಳು.

“ಇನ್ನೊಂದು ಕೂಸಾದ್ರೂ ಅಂಗೇ ಆಯ್ತದಾ ಅತ್ಗೆ?”

ಹೆದರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ನನ್ನ ಬಾಯಿಂದ ಬಂದದ್ದು, “ಡಾಕ್ಟರನ್ನ ಕೇಳಿ ನೋಡ್ಬೇಕು” ಎಂದು. ಕೇಳಿ ಬಂದವಳೇ ನಾನಾಗಿರುವಾಗ. ಅವಳು ತಲೆಯಾಡಿಸಿದಳು, ಕೈ ಒರೆಸಿಕೊಂಡಳು. ಆಮೇಲೆ ಕೇಳಲಿಲ್ಲ. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಆಗಲು ಅವಳು ಬಿಡಲಿಲ್ಲ. ಮೊದಲನೆಯ ತಪ್ಪಿಗೆ ನಾನು ಅಜ್ಞಾನ ಎಂಬ ಹೆಸರಿಡಬಹುದು, ಎರಡನೆಯದಕ್ಕೆ ಭಯ ಎನ್ನಬಹುದು. ಈ ಮೂರನೆಯದಕ್ಕೆ ಯಾವ ಹೆಸರೂ ನನ್ನ ಬಳಿ ಇಲ್ಲ.

ಅವ್ವ ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಕೊನೆಯವರೆಗೂ ಬಳಪದ ಮಾತನ್ನೇ ನಂಬಿದ್ದಳು. ಅವಳು ಕೆಟ್ಟವಳಲ್ಲ. ನಿಜ ಹೇಳಿದ್ದರೆ ನಂಬುತ್ತಿದ್ದಳು — ನನ್ನ ಮಾತಲ್ಲವೇ. ಅವಳನ್ನು ಸೊಸೆಯ ಪಾಲಿಗೆ ಕ್ರೂರಿಯನ್ನಾಗಿ ಮಾಡಿ ಕಳಿಸಿಕೊಟ್ಟದ್ದೂ ನಾನೇ.

ಹೋದ ಶ್ರಾವಣದಲ್ಲಿ ಸವಿತಾಳ ಅಣ್ಣನ ಮಗಳು ಪಲ್ಲವಿಯ ಸೀಮಂತ, ತಗಡೂರಿನಲ್ಲಿ. ನಾನೂ ಹೋಗಿದ್ದೆ. ಹೆಂಗಸರೆಲ್ಲ ನಡುಮನೆಯಲ್ಲಿ ಬಳೆ ತೊಡಿಸುವ ತಯಾರಿಯಲ್ಲಿದ್ದಾಗ ಒಳಕೋಣೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಸವಿತಾ ಆ ಹುಡುಗಿಯ ಮಣಿಕಟ್ಟು ಹಿಡಿದುಕೊಂಡಿದ್ದಳು. ನೆಲದ ಮೇಲೆ ಒಂದು ಬಳಪದ ತುಂಡು. ಪಲ್ಲವಿಯ ಕೆನ್ನೆ ಕೆಂಪಾಗಿತ್ತು.

“ತಿನ್ಬೇಡ ಮಗಾ” ಎನ್ನುತ್ತಿದ್ದಳು ಸವಿತಾ. ಹೊಡೆದವಳ ದನಿಯಲ್ಲ, ಬೇಡುವವಳ ದನಿ. “ನಾನು ಇದ ತಿಂದು ನನ್ ಕೂಸ್ನೇ ತಿಂದ್ಬುಟ್ಟೆ. ನೀ ತಿನ್ಬೇಡ. ನಿನ್ ಕಾಲ್ಗೆ ಬೀಳ್ತೀನಿ.”

ಹೇಳಿದಂತೆಯೇ ಬಗ್ಗಿದಳು. ತನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಆ ಆರು ತಿಂಗಳ ಬಸುರಿಯ ಪಾದ ಹಿಡಿಯಲು. ನಾಲ್ಕು ಜನ ಸೇರಿ ಎಬ್ಬಿಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಎಬ್ಬಿಸಿದವರಲ್ಲಿ ನಾನಿರಲಿಲ್ಲ.

 ಸೀಮಂತವಾದ ಎಂಟನೇ ದಿನ ಬೆಳಿಗ್ಗೆ ನಂಜನಗೂಡಿಗೆ ಹೋದೆ. ಮಹದೇವ ಅಂಗಡಿಯಲ್ಲಿ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದ. ನಾನು ನೇರವಾಗಿ ಒಳಗೆ ಹೋದೆ. ಸವಿತಾ ಅಡಿಗೆ ಮನೆಯ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತೆ. ಹಿತ್ತಿಲಿನ ಬಟ್ಟೆಯಿಂದ ಶುರುಮಾಡಿ, ನನಗೆ ಹೊಳೆದದ್ದು, ಹೊಳೆದೂ ಹೇಳದದ್ದು, ಡಾಕ್ಟರ ಮುಂದಿನ ಸುಳ್ಳು, ಅವರು ಬರೆದ ಚಿತ್ರ, ಆ ತಾಯಿಗೆ ಹೇಳಿ ಎಂದ ಮಾತು, ಜಗಲಿ, ಸುತ್ತೂರಿನ ಮದುವೆ — ಎಲ್ಲವನ್ನೂ ಹೇಳಿದೆ. ನಡುವೆ ಅವಳ ಕೈ ನಿಂತಿತು. ಕಣ್ಣು ಮೊರದ ಮೇಲಿತ್ತು.

ಮೊರವನ್ನು ಪಕ್ಕಕ್ಕೆ ಸರಿಸಿ ಕೇಳಿದಳು. “ಬಳಪದಿಂದ ಅಲ್ವಾ?”

“ಅಲ್ಲ.”

“ಅಲ್ವಾ ಅತ್ಗೆ?”

“ಅಲ್ಲ ಸವಿತಾ. ಬಳಪಕ್ಕೂ ಅದಕ್ಕೂ ಸಂಬಂಧ ಇಲ್ಲ.”

ಅವಳು ಎರಡೂ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು. ಆಮೇಲೆ ಹೇಳಿದಳು:

“ಅವತ್ತು ಹಿತ್ಲಲ್ಲಿ ನಿಮ್ಮ ಕೇಳಿದ್ದ ಯಾರ್ಗೂ ಯೋಳ್ನಿಲ್ಲ ನಾನು. ಇವರ್ಗೂ ಯೋಳ್ನಿಲ್ಲ. ತಪ್ಪು ನಂದಲ್ವಾ, ನಿಮ್ಮ ಯಾಕ್ ಅದ್ರೊಳಿಕ್ಕೆ ಎಳೀಲಿ ಅಂತ.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಹದಿನಾರು ವರ್ಷ ನನ್ನ ಗುಟ್ಟು ಉಳಿದದ್ದು ನನ್ನ ಜಾಣತನದಿಂದ ಎಂದುಕೊಂಡಿದ್ದೆ. ಅದನ್ನು ಕಾಪಾಡಿದ್ದು ಅವಳು. ಅದೂ ನಾನು ಅವಳ ಮೇಲೆ ಹೊರಿಸಿದ ತಪ್ಪನ್ನು ಹೊತ್ತುಕೊಂಡು.

ನಾನು ಕ್ಷಮೆಯ ಮಾತು ಎತ್ತಿದೆ. ಅವಳು ಕೈ ಅಡ್ಡ ತಂದಳು. “ಅದ ಈಗ ಕೇಳ್ಬೇಡಿ. ಅವತ್ತು ಎಲ್ಲಾರ್ ಮುಂದೆ ಯೋಳುದ್ರಲ್ಲ, ಇದ ನನ್ನೊಬ್ಳಿಗೆ ಬಂದು ಯೋಳುದ್ರೆ ಆಗಕಿಲ್ಲ. ಅವರೆಲ್ಲಾರ್ಗೂ ಯೋಳಿ. ಮೊದ್ಲು ಇವರ್ಗೆ ಯೋಳಿ. ಮುಂದ್ಗಡೆ ಅವ್ರೆ.”

ಅಡಿಗೆ ಮನೆಯಿಂದ ಅಂಗಡಿಗೆ ಹನ್ನೆರಡು ಹೆಜ್ಜೆಯೂ ಇಲ್ಲ. ಹೋದೆ. ಮಹದೇವ ಸ್ಟೂಲು ಎಳೆದು ಕೂರಲು ಹೇಳಿದ. ನಿಂತೇ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಕೈಯಲ್ಲಿದ್ದ ತಂತಿಯ ಉಂಡೆ ಮಡಿಲಿಗೆ ಬಿತ್ತು. ಬೈಯುತ್ತಾನೆ, ಹೊರಗೆ ಹೋಗು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಅಂದದ್ದು ಬೇರೆ.

“ನಾನೂ ಅವಳ್ನೇ ಅನ್ಕಂಡಿದ್ದೆ ಅಕ್ಕ. ಬಾಯ್ಬಿಟ್ಟು ಒಂದಿನ ಅನ್ನಲಿಲ್ಲ. ಆದ್ರೆ ಅವಳ್ಗೆ ಗೊತ್ತು, ನಾ ಅನ್ಕಂಡಿದ್ದೀನಿ ಅಂತ.”

ಮಡಿಲಿನ ತಂತಿಯನ್ನು ಕೆಳಗಿಟ್ಟು ಎದ್ದು ಒಳಗೆ ಹೋದ. ಬಿಚ್ಚಿದ ಮೋಟಾರು ಹಾಗೇ ಇತ್ತು. ಮೋಟಾರು ರಿಪೇರಿಗೆ ಕೊಟ್ಟಿದ್ದವನೊಬ್ಬ ಬಂದು ‘ಮಾದೇವಣ್ಣ ಇಲ್ವಾ’ ಎಂದ. ಆಮೇಲೆ ಬನ್ನಿ ಎಂದೆ.  ಅಲ್ಲಿ ನನಗೆ ಕೆಲಸವಿಲ್ಲ ಎಂದು ತಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಅಂದಿನಿಂದ ಮನೆಯಿಂದ ಮ‌ನೆಗೆ ಹೋಗುತ್ತಿದ್ದೇನೆ. ಜಗಲಿಯ ಮೇಲಿದ್ದ ಹದಿಮೂರು ಜನರಲ್ಲಿ ಐವರು ಈಗಿಲ್ಲ. ಉಳಿದವರಲ್ಲಿ ಆರು ಜನರಿಗೆ ಅವರವರ ಮನೆಯಲ್ಲಿ, ಅವರ ಮಕ್ಕಳು ಸೊಸೆಯರ ಎದುರಿಗೇ ಹೇಳಿದ್ದೇನೆ. ಪಲ್ಲವಿಗೂ ಹೋಗಿ ಹೇಳಿ ಬಂದೆ. ಬಳಪ ತಿನ್ನುವುದು ಒಳ್ಳೆಯದಲ್ಲ, ರಕ್ತ ನೋಡಿಸಿಕೋ; ಆದರೆ ನಿನ್ನತ್ತೆಯ ಮಗು ಹೋದದ್ದು ಅದರಿಂದಲ್ಲ ಎಂದೆ. ಹುಟ್ಟುವ ಮಗುವಿನ ಹಳದಿ ಎರಡು ವಾರ ದಾಟಿದರೆ, ಮಲ ಬೆಳ್ಳಗಾದರೆ, ನನ್ನನ್ನಾಗಲಿ ಯಾರನ್ನಾಗಲಿ ಕೇಳುತ್ತಾ ಕೂರಬೇಡ, ಆಸ್ಪತ್ರೆಗೆ ಹೋಗು ಎಂದೆ. ಹೆಡತಲೆಯ ಚಿಕ್ಕವ್ವ ಮಾತ್ರ ನನ್ನ ತಲೆ ಸವರಿ, ‘ಓಗ್ಲಿ ಬುಡು ಮಗ, ಅಳೇದು, ಎಲ್ಲಾರೂ ಮರ್ತವ್ರೆ’ ಎಂದಳು. ಆ ಸಮಾಧಾನವನ್ನು ನಾನು ತೆಗೆದುಕೊಳ್ಳಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಉಳಿದ ಇಬ್ಬರು ದೂರದ ಊರುಗಳಲ್ಲಿದ್ದಾರೆ. ಅವರಿಗೂ, ಈ ಮಾತನ್ನು ಅವರಿವರಿಂದ ಕೇಳಿ ನಂಬಿದ ನನಗೆ ಗೊತ್ತಿಲ್ಲದವರಿಗೂ ಮುಟ್ಟಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸವಿತಾ ನನ್ನ ಮನೆಗೆ ಬರುವುದಿಲ್ಲ. ಬರಬೇಕೆಂದು ನಾನು ಕೇಳುವುದೂ ಇಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಅವಳಿಂದ ಫೋನ್ ಬಂತು. ಹೇಗಿದ್ದೀಯ ಎಂದು ಕೇಳಲು ಬಾಯಿ ತೆರೆದೆ. ಅವಳು ಅದಕ್ಕೆ ಕಾಯಲಿಲ್ಲ.

“ಡಾಕುಟ್ರು ಯೋಳಿದ್ದ ಪೂರ್ತಿ ಯೋಳಿ. ಮೊದ್ಲಿಂದ. ಏನೂ ಬುಡ್ಬೇಡಿ.”

ಹೇಳಿದೆ. ನಾಲ್ಕನೇ ವಾರದಲ್ಲಿ ಮೂಡುವ ಮೊಗ್ಗು, ತೊಟ್ಟಿನಂಥ ನಾಳ, ಅದು ದಾರಿ ತಪ್ಪುವುದು, ಯಾಕೆಂದು ಯಾರಿಗೂ ತಿಳಿಯದಿರುವುದು. ತಾಯಿ ತಿಂದದ್ದರಿಂದ ಅಲ್ಲ, ಕುಡಿದದ್ದರಿಂದ ಅಲ್ಲ. ಬೇಗ ಬಂದಿದ್ದರೆ ಹೆಚ್ಚಿನ ಅವಕಾಶವಿತ್ತು. ಆಸ್ಪತ್ರೆಗೆ ಹೋಗಬೇಡ ಎಂದವಳು ನಾನು. ಒಂದನ್ನೂ ಬಿಡಲಿಲ್ಲ.  ಮುಗಿಸಿದೆ. ಫೋನ್ ಇಡುತ್ತಾಳೆ ಎಂದುಕೊಂಡೆ.

“ಇನ್ನೊಂದ್ಸಲ” ಎಂದಳು.

ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ.